ಕಂಡೆನ್ಸರ್ ಮೈಕೋ, ಡೈನಮಿಕ್ ಮೈಕೋ?

ಉಡುಪಿಯ ಮನೆಯಲ್ಲೇ ಯಕ್ಷಗಾನದ ಹಾಡುಗಾರಿಕೆಯನ್ನು ಧ್ವನಿಮುದ್ರಿಸಲು ಹೊರಟವರು ಮೊದಲು ನೋಡಬೇಕಾದದ್ದು ಬೆಲೆಯನ್ನಲ್ಲ, ಕೋಣೆಯನ್ನು. 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ಕೇಬಲ್ ಮೂಲಕವೇ ಅದಕ್ಕೆ ಹರಿಯುವ ವಿದ್ಯುತ್) ಬೇಡುವ ಕಂಡೆನ್ಸರ್ ಮೈಕ್, ಭಾಗವತರ ಏರುಶ್ರುತಿಯ ಸೂಕ್ಷ್ಮ ಗಮಕಗಳನ್ನೂ ತಾಳದ ಅನುರಣನವನ್ನೂ ಬಿಡಿಬಿಡಿಯಾಗಿ ಹಿಡಿಯುತ್ತದೆ. ಆದರೆ ಫ್ಯಾನಿನ ಸದ್ದನ್ನೂ ಹೆಂಚಿನ ಮೇಲೆ ಸುರಿಯುವ ಮಳೆಯನ್ನೂ ಅಷ್ಟೇ ಸ್ಪಷ್ಟವಾಗಿ ಹಿಡಿಯುತ್ತದೆ. ಕರಾವಳಿಯ ತೇವಾಂಶ ಅದಕ್ಕೆ ಒಗ್ಗದ ಕಾರಣ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡುವುದು ಒಳ್ಳೆಯದು. ಶೂರ್ ಎಸ್‌ಎಂ57ರಂಥ ಡೈನಮಿಕ್ ಮೈಕ್‌ಗೆ ಇಷ್ಟು ಆರೈಕೆ ಬೇಡ. ಚೆಂಡೆಯ ಗಟ್ಟಿ ಪೆಟ್ಟನ್ನು ಅದು ಸಮೀಪದಿಂದಲೇ ತಾಳಿಕೊಳ್ಳುತ್ತದೆ. ಸದ್ದಿಲ್ಲದ ಕೋಣೆಯಲ್ಲಿ ಬರಿಯ ಹಾಡುಗಾರಿಕೆಗಾದರೆ ಕಂಡೆನ್ಸರೇ ನನ್ನ ಆಯ್ಕೆ. ಚೆಂಡೆಗೆ, ಅದರಲ್ಲೂ ಮಳೆಗಾಲದ ಕೆಲಸಕ್ಕೆ, ಡೈನಮಿಕ್ ಕೊಳ್ಳಿ.