ಲಿಸ್ಟೆಡ್ ಮನೆಗೆ ಸೋಲಾರ್: ‘ಪರ್ಮಿಷನ್ ಬೇಡ’ ಅನ್ನುವವರಿಗೆ ಅಡ್ವಾನ್ಸ್ ಕೊಡಬೇಡಿ

ಇಂಗ್ಲೆಂಡಿನಲ್ಲಿ ಹಳೇ ಮನೆ ಕೊಂಡಿರುವ ಕನ್ನಡದವರು ದಯವಿಟ್ಟು ಪೂರ್ತಿ ಓದಿ. ನಿಮ್ಮ ಮನೆ ಗ್ರೇಡ್ 2 ಲಿಸ್ಟೆಡ್ (ಐತಿಹಾಸಿಕ ಕಟ್ಟಡ ಅಂತ ಕಾನೂನಿನ ರಕ್ಷಣೆ ಇರುವ ಮನೆ) ಆಗಿದ್ದು, ಸೋಲಾರ್ ಕಂಪನಿಯವನು ‘ಪರ್ಮಿಷನ್ ಏನೂ ಬೇಡ’ ಅಂದರೆ ಅಲ್ಲಿಗೇ ಮಾತು ಮುಗಿಸಿ. ನಾನು ಮುಗಿಸಲಿಲ್ಲ. 2,450 ಪೌಂಡ್ ಅಡ್ವಾನ್ಸ್ ಕೊಟ್ಟೆ.

ಅವನು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು, ಅದಕ್ಕೇ ನಂಬಿದ್ದು. ಮನೆಯ ಚಾವಣಿ ಮೇಲಿನ ಪ್ಯಾನಲ್‌ಗೆ ‘ಪರ್ಮಿಟೆಡ್ ಡೆವಲಪ್‌ಮೆಂಟ್’, ಅಂದರೆ ಅರ್ಜಿ ಹಾಕದೆಯೇ ಸಿಗುವ ಅನುಮತಿ, ಇದೆ. ಹಂಚಿನ ಮಟ್ಟದಿಂದ 20 ಸೆಂ.ಮೀ.ಗಿಂತ ಹೆಚ್ಚು ಮೇಲೇಳದಿದ್ದರೆ ಸಾಮಾನ್ಯವಾಗಿ ಪ್ಲಾನಿಂಗ್ ಪರ್ಮಿಷನ್ ಬೇಕಾಗಲ್ಲ. ಆದರೆ ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್ (ಲಿಸ್ಟೆಡ್ ಮನೆ ಬದಲಿಸಲು ಬೇಕಾದ ಒಪ್ಪಿಗೆ) ಬೇರೆ. ಬೇರೆ ಅರ್ಜಿ, ಬೇರೆ ಕಾನೂನು, 1990ರ ಕಾಯ್ದೆ. ಅದಿಲ್ಲದೆ ಮನೆಯ ಸ್ವರೂಪದ ಮೇಲೆ ಪರಿಣಾಮ ಬೀರುವ ಕೆಲಸ ಮಾಡಿಸಿದರೆ ಕ್ರಿಮಿನಲ್ ಅಪರಾಧ. ಎಷ್ಟೋ ವರ್ಷ ಕಳೆದುಹೋಯಿತು ಅಂತಲೂ ತಪ್ಪಿಸಿಕೊಳ್ಳಲಾಗದು, ಕೌನ್ಸಿಲ್ (ಸ್ಥಳೀಯ ಆಡಳಿತ) ಕೊಡುವ ನೋಟಿಸ್‌ಗೆ ಕಾಲಮಿತಿಯೇ ಇಲ್ಲ. ಮನೆ ಮಾರಿದರೆ ಕೊಂಡವರ ತಲೆಗೆ ಬರುತ್ತದೆ.

ಅವನ ಎರಡನೇ ಮಾತು: “ಲಿಸ್ಟಿಂಗ್ ಮುಂಭಾಗಕ್ಕೆ ಮಾತ್ರ, ಹಿಂದಿನ ಇಳಿಜಾರು ನಿಮ್ಮದೇ.” ಇದು ಪೂರಾ ಸುಳ್ಳು. ಗ್ರೇಡ್ ಯಾವುದೇ ಇರಲಿ, ಸಾಮಾನ್ಯವಾಗಿ ಇಡೀ ಮನೆ ಲಿಸ್ಟೆಡ್, ಒಳಗೂ ಹೊರಗೂ. ಹಿಂದಿನ ಇಳಿಜಾರು ರಸ್ತೆಗೆ ಕಾಣದಿದ್ದರೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು, ಅಷ್ಟೇ. ಒಪ್ಪಿಗೆ ಬೇಡ ಅಂತಲ್ಲ.

ನಾನು ಪಟ್ಟು ಹಿಡಿದ ಮೇಲೆ “ಸರಿ, ಅರ್ಜಿ ನಾವೇ ಹಾಕುತ್ತೇವೆ” ಅಂತ ‘ಕೌನ್ಸಿಲ್ ಅರ್ಜಿ ಶುಲ್ಕ’ ಹೆಸರಲ್ಲಿ ಇನ್ನೂ 480 ಪೌಂಡ್ ತೆಗೆದುಕೊಂಡರು. ಸಹಿ ಹಾಕಿ ಹತ್ತೊಂಬತ್ತನೇ ದಿನ ಕೌನ್ಸಿಲ್‌ನಿಂದ ಇಮೇಲ್: ಅರ್ಜಿ ಅಸಿಂಧು. ಫೋನ್ ಮಾಡಿದೆ. ಕೌನ್ಸಿಲ್‌ನ ಅಧಿಕಾರಿ ತುಂಬ ಮರ್ಯಾದೆಯಿಂದಲೇ ಹೇಳಿದರು, “ಈ ಕನ್ಸೆಂಟ್‌ಗೆ ಶುಲ್ಕವೇ ಇಲ್ಲವಲ್ಲ.” ಶುಲ್ಕವೇ ಇಲ್ಲ! ಸೊನ್ನೆ! ಆ ಕ್ಷಣ ನನಗಾದ ಅವಮಾನ ಬರೆಯಲಾರೆ. ಕಂಪನಿಯವರು ಲಗತ್ತಿಸಿದ್ದ ‘ನಕ್ಷೆ’ಯನ್ನೂ ಆಗಲೇ ನೋಡಿದ್ದು. ನಮ್ಮ ಮನೆಯ ಉಪಗ್ರಹ ಚಿತ್ರ, ಅದರ ಮೇಲೆ ಹತ್ತು ನೀಲಿ ಚೌಕ. ಒಂದು ಚೌಕ ಚಿಮಣಿಯ ಮೇಲೇ ಕೂತಿತ್ತು.

ಕೌನ್ಸಿಲ್‌ಗೆ ನಿಜವಾಗಿ ಬೇಕಾದದ್ದು: 1:1250ರ ಸ್ಥಳ ನಕ್ಷೆ, ಮನೆಯ ಹೊರನೋಟದ ಈಗಿನ ಮತ್ತು ಮುಂದಿನ ಚಿತ್ರ (ಎಲಿವೇಷನ್) 1:50 ಅಥವಾ 1:100ರಲ್ಲಿ, ಪ್ಯಾನಲ್ ಹಿಡಿದಿಡುವ ಹುಕ್ ಎಲ್ಲಿ ಹೇಗೆ ಕೂರುತ್ತದೆ ಎಂದು ತೋರಿಸುವ ಅಡ್ಡಕೊಯ್ತದ ಚಿತ್ರ, ಹೆರಿಟೇಜ್ ಸ್ಟೇಟ್‌ಮೆಂಟ್ (ಮನೆಯ ಐತಿಹಾಸಿಕ ಮಹತ್ವಕ್ಕೆ ಈ ಕೆಲಸದಿಂದ ಏನಾಗುತ್ತದೆ ಎಂಬ ವಿವರಣೆ). ಹುಕ್ಕಿನದೇ ಮುಖ್ಯ ಪ್ರಶ್ನೆ. ನಮ್ಮದು ಕೈಯಲ್ಲಿ ಮಾಡಿದ ಹಂಚು, ಓಕ್ ಮರದ ಸಣ್ಣ ಗೂಟದಲ್ಲಿ ರೀಪಿಗೆ ನೇತುಹಾಕಿದ್ದು. ಮಾಮೂಲಿ ಹುಕ್ ಕೂರಿಸಲು ಹಂಚಿನ ಅಂಚನ್ನು ಗ್ರೈಂಡರ್‌ನಲ್ಲಿ ಕೊರೆಯುತ್ತಾರೆ. ಹಳೇ ಹಂಚು ಅಲ್ಲೇ ಸೀಳುತ್ತದೆ. ಪಕ್ಕಾಸುಗಳ ನಡುವಿನ ಅಂತರವೂ ಒಂದೇ ಸಮ ಇರಲ್ಲ, ಹುಕ್ ಬೇಕಾದಲ್ಲಿ ಮರವೇ ಇರಲ್ಲ. ಹತ್ತು ಪ್ಯಾನಲ್ ಅಂದರೆ ಇನ್ನೂರು ಕಿಲೋ ಮೇಲೆ, ಜೊತೆಗೆ ಪ್ಯಾನಲ್ ಕೂರಿಸುವ ಲೋಹದ ಪಟ್ಟಿ. ಇದನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಕೇಬಲ್ ಯಾವ ತೊಲೆ ಕೊರೆದು ಇಳಿಯುತ್ತದೆ, ಇನ್ವರ್ಟರ್ ಎಲ್ಲಿ, ಅದೂ ಇರಲಿಲ್ಲ. ಅದಕ್ಕೂ ಕನ್ಸೆಂಟ್ ಬೇಕಾಗಬಹುದು.

ಕಂಪನಿಯ ಉತ್ತರ ನೋಡಿ. ಮೊದಲು: “ಕೌನ್ಸಿಲ್ ತಪ್ಪು ತಿಳಿದಿದೆ.” ಆಮೇಲೆ: “480 ನಮ್ಮ ಆಡಳಿತ ವೆಚ್ಚ.” ಬಿಲ್ಲಿನಲ್ಲಿ ‘ಕೌನ್ಸಿಲ್ ಶುಲ್ಕ’ ಅಂತ ಇದೆಯಲ್ಲ ಅಂದರೆ: “ಪುಟ 11 ನೋಡಿ, ಎಲ್ಲ ಪರವಾನಗಿ ಗ್ರಾಹಕರ ಹೊಣೆ.” ದುಡ್ಡು ವಾಪಸ್ ಕೇಳಿದರೆ: “ರದ್ದು ಮಾಡುವ 14 ದಿನ ಮುಗಿದಿದೆ.” ಹೌದು, ಮುಗಿದಿತ್ತು. ಆ 14 ದಿನವೂ ‘ಅರ್ಜಿ ಸರಿಯಾಗಿ ಹೋಗ್ತಿದೆ’ ಅಂತಲೇ ಹೇಳುತ್ತಿದ್ದರು.

ಕೊನೆಗೆ ಒಂದು ‘ಪರಿಹಾರ’ ಕೊಟ್ಟರು: “ಹಾಗಾದರೆ ಗ್ಯಾರೇಜ್ ಮೇಲೆ ಹಾಕೋಣ, ಅಲ್ಲಿ ಯಾವ ಪರ್ಮಿಷನ್ನೂ ಬೇಡ.” ಮತ್ತೆ ಅದೇ! ಇದು ಮೊದಲಿನದಕ್ಕಿಂತ ಅಪಾಯ. ಲಿಸ್ಟೆಡ್ ಮನೆಯ ಆವರಣದ ಗ್ಯಾರೇಜು, ಶೆಡ್ಡು, ನೆಲದ ಮೇಲಿನ ಪ್ಯಾನಲ್ ಯಾವುದಕ್ಕೂ ಆ ಪರ್ಮಿಟೆಡ್ ಡೆವಲಪ್‌ಮೆಂಟ್ ಅನ್ವಯಿಸಲ್ಲ, ಪ್ಲಾನಿಂಗ್ ಪರ್ಮಿಷನ್ ಬೇಕೇ ಬೇಕು. ಆ ಕಟ್ಟಡ 1948ರ ಜುಲೈ 1ಕ್ಕಿಂತ ಹಳೆಯದಾದರೆ ಅದಕ್ಕೂ ಲಿಸ್ಟಿಂಗ್ ತಗಲಬಹುದು, ಆಗ ಎರಡೂ ಅರ್ಜಿ.

ಹಿಸ್ಟಾರಿಕ್ ಇಂಗ್ಲೆಂಡ್ ಎಂಬ ಸರ್ಕಾರಿ ಪರಂಪರೆ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಮನೆಯ ನಮೂದನ್ನು ನೀವೇ ಹುಡುಕಿ ಓದಿ. ದುಡ್ಡು ಕೊಡುವ ಮುಂಚೆ ಕೌನ್ಸಿಲ್‌ನ ಕನ್ಸರ್ವೇಷನ್ ಆಫೀಸರ್‌ಗೆ (ಹಳೇ ಕಟ್ಟಡಗಳ ಅಧಿಕಾರಿ) ಬರೆಯಿರಿ. ಅರ್ಜಿ ನಿಮ್ಮ ಹೆಸರಲ್ಲೇ, ನಿಮ್ಮ ಇಮೇಲ್‌ನಿಂದಲೇ ಹೋಗಲಿ. ತೀರ್ಮಾನಕ್ಕೆ ಎಂಟು ವಾರ ಅಂತ ನಿಯಮ, ಅದೂ ಅರ್ಜಿ ಸಿಂಧುವಾದ ದಿನದಿಂದ. ‘ಕನ್ಸೆಂಟ್ ಸಿಗದಿದ್ದರೆ ಪೂರ್ತಿ ವಾಪಸ್’ ಅಂತ ಒಪ್ಪಂದದಲ್ಲಿ ಬರೆಸದೆ ಸಹಿ ಬೇಡ. ಅಡ್ವಾನ್ಸ್ ಕ್ರೆಡಿಟ್ ಕಾರ್ಡ್‌ನಲ್ಲೇ ಕೊಡಿ, ಕಂಪನಿ ಮೋಸ ಮಾಡಿದರೆ ಗ್ರಾಹಕ ಸಾಲ ಕಾಯ್ದೆಯ ಸೆಕ್ಷನ್ 75ರಲ್ಲಿ ದುಡ್ಡು ವಾಪಸ್ ಕೊಡಿ ಅಂತ ಬ್ಯಾಂಕನ್ನು ಕೇಳಬಹುದು. ನನ್ನ 2,450ಕ್ಕೆ ಹಾಗೆ ಕೇಳಿದ್ದೇನೆ, ಉತ್ತರ ಬಂದಿಲ್ಲ. ಆ 480 ಮಾತ್ರ ಬೇರೆ ಬಿಲ್ಲು ಮಾಡಿ ನೇರ ಖಾತೆಗೆ ಹಾಕಿಸಿಕೊಂಡಿದ್ದರು.