ದರೋಜಿಯೋ, ರಾಣೆಬೆನ್ನೂರೋ?

ಕುರುಚಲು ಕಾಡು ನೋಡಬೇಕು, ಇರುವುದು ಒಂದೇ ದಿನ ಅಂದಿರಿ ಅಲ್ವಾ? ದರೋಜಿ, ರಾಣೆಬೆನ್ನೂರು ಎರಡೂ ವನ್ಯಜೀವಿ ಧಾಮಗಳೇ; ಯಾವ ಪ್ರಾಣಿಯ ಆಸೆ, ಮೊದಲು ಹೇಳಿ.

ದರೋಜಿ ಹಂಪಿಗೆ ಹತ್ತಿರ, ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸಬಹುದು. ಬಂಡೆಗುಡ್ಡ, ಮುಳ್ಳುಪೊದೆಯ ನೆಲ. 1994ರಲ್ಲಿ ಕರಡಿಗಾಗಿಯೇ ಧಾಮವಾಯಿತು. ಇಲ್ಲಿ ಸುತ್ತಾಟಕ್ಕಿಂತ ಕಾಯುವುದೇ ಜಾಸ್ತಿ. ಮಧ್ಯಾಹ್ನದ ಮೇಲೆ ವೀಕ್ಷಣಾ ಗೋಪುರದಲ್ಲಿ ಸುಮ್ನೆ ಕೂತರೆ, ಬಂಡೆಗೆ ಬಳಿದ ಸಿಹಿ ನೆಕ್ಕಲು ಕರಡಿಗಳು ಇಳಿದು ಬರುವುದುಂಟು. ವಯಸ್ಸಾದವರು ಜೊತೆಗಿದ್ದರೆ ಇದೇ ಸುಲಭ. ದುರ್ಬೀನು ಮಾತ್ರ ಮರೆಯಬೇಡಿ.

ರಾಣೆಬೆನ್ನೂರು ಹಳೆಯದು, 1974ರದ್ದು. 119 ಚದರ ಕಿ.ಮೀ. ಕೃಷ್ಣಮೃಗ, ತೋಳಗಳ ಸೀಮೆ. ಆದರೆ ಹುಲ್ಲುಬಯಲಿನ ದೊಡ್ಡ ಪಾಲಿಗೆ ನೀಲಗಿರಿ ನೆಟ್ಟರು. ಬಯಲಲ್ಲಿ ಓಡುವ ಪ್ರಾಣಿಗೆ ತೋಪು ಯಾಕೆ ಬೇಕಿತ್ತೋ! ನೆಲದ ಕಥೆಯಲ್ಲಿ ಆಸಕ್ತಿಯಿದ್ದರೆ, ನೆಗೆಯುವ ಮೃಗದ ಫೋಟೋ ಬೇಕಿದ್ದರೆ ಇಲ್ಲಿಗೇ ಬನ್ನಿ, ಬಿಸಿಲೇರುವ ಮುಂಚೆ.