ಅರ್ಧ ದಿನ ಇದ್ದರೆ ಬೇಲೂರಾ, ಹಳೇಬೀಡಾ?

ಹಾಸನದಲ್ಲಿ ಮದುವೆ ಮುಗಿಸಿ, ಸಂಜೆ ರೈಲಿಗೆ ಮುಂಚೆ ಹೊಯ್ಸಳರ ರಾಜಧಾನಿ ನೋಡಬೇಕು, ಯಾವುದಕ್ಕೆ ಹೋಗಲಿ ಎಂದು ಕೇಳಿದ್ದೀರಿ. ಎರಡೂ ಅವರ ರಾಜಧಾನಿಗಳೇ. ಬೇಲೂರು ಮೊದಲಿನದು, ದೋರಸಮುದ್ರ ಅಂದರೆ ಹಳೇಬೀಡು ಆಮೇಲಿನದು.

ದೂರ ದೊಡ್ಡ ವಿಷಯವಲ್ಲ. ಹಾಸನದಿಂದ ಹಳೇಬೀಡು ಸುಮಾರು 30 ಕಿ.ಮೀ., ಬೇಲೂರು 40ರ ಹತ್ತಿರ. ಚಿಕ್ಕಮಗಳೂರಿನಿಂದ ಬರುವವರಿಗೆ ಮಾತ್ರ ಬೇಲೂರೇ ಹತ್ತಿರ.

ನೋಡಬೇಕಾದ ಹೊತ್ತೇ ಮುಖ್ಯ. ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ಪೂಜೆ ಉಂಟು, ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕುತ್ತಾರೆ. ಹಾಗಾಗಿ ಬೆಳಿಗ್ಗೆಯೇ ಹೋಗಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ. ಮದನಿಕೆಯರನ್ನು ನೋಡಲು ಕತ್ತೆತ್ತಿ ನಿಲ್ಲಬೇಕು. ಒಳಗಿನ ಕಂಬಗಳು, ಚಾವಣಿ ಕತ್ತಲಲ್ಲಿವೆ, ಗೈಡ್ ಇದ್ದರೆ ಚೆಂದ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯಲ್ಲಿ ಶಿಲ್ಪ ಕಣ್ಣಳತೆಯಲ್ಲೇ ಇದೆ. ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ರಾಮಾಯಣ, ಮಹಾಭಾರತ. ಮಕ್ಕಳಿಗೆ ಕಥೆ ಹೇಳುತ್ತಾ ಸುತ್ತು ಹಾಕಬಹುದು. ಪಶ್ಚಿಮದ ಗೋಡೆಗೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ, ಫೋಟೋದವರಿಗೆ ಅದೇ ಹೊತ್ತು. ಮ್ಯೂಸಿಯಂ ಶುಕ್ರವಾರ ರಜೆ. ಪಕ್ಕದ ಬಸದಿಗಳಿಗೆ ಜನ ಕಡಿಮೆ. ಪಾರ್ಶ್ವನಾಥ ಬಸದಿಯ ಕನ್ನಡಿಯಂಥ ಕಂಬಗಳನ್ನು ಬಿಟ್ಟು ಬಂದರೆ ನನಗೆ ಬೇಜಾರು!

ಅಜ್ಜಿಗೆ ದರ್ಶನ ಆಗಬೇಕು ಅಂದರೆ ಬೇಲೂರು. ಕಲ್ಲನ್ನು ನಿಧಾನವಾಗಿ ನೋಡುವ ಆಸೆ ಇದ್ದರೆ ಹಳೇಬೀಡು. ಕಾರಿದ್ದರೆ ಎರಡೂ ಆಗುತ್ತದೆ, ನಡುವೆ ಬರೀ 16 ಕಿ.ಮೀ. ಬಸ್ಸಿನಲ್ಲಾದರೆ ಸುಮ್ನೆ ಓಡಾಡಬೇಡಿ, ಒಂದನ್ನೇ ನೋಡಿ. ಕಾಲಿಗೆ ಸಾಕ್ಸ್ ಇರಲಿ, ಕಲ್ಲು ಕಾದಿರುತ್ತದೆ.